ಅನುಮಾನಕ್ಕ ಮತ್ತು ಉಕ್ಕಿನ ಬಾಟಲು

ಹಾಲನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡದೆ ಅವಳು ಜನ್ಮದಲ್ಲಿ ಒಂದು ಲೋಟ ಕಾಫಿ ಕುಡಿದವಳಲ್ಲ. ತನ್ನ ಮನೆಯ ಹಾಲಾದರೂ ಅಷ್ಟೇ, ತಾನೇ ಈಗಷ್ಟೇ ಕಾಯಿಸಿ ಇಳಿಸಿದ್ದಾದರೂ ಅಷ್ಟೇ. ಬಾಗಿಲಿಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಬಂದು ಜಗ್ಗಿ ನೋಡುವವಳು. ‘ಇವತ್ತು ಚೆನ್ನಾಗಿ ಕಾಣ್ತಿದೀರಿ’ ಎಂದು ಯಾರಾದರೂ ಬಾಯಿತಪ್ಪಿ ಹೇಳಿದರೆ ‘ಯಾಕೆ, ಏನಾಗ್ಬೇಕಿತ್ತು?’ ಎಂದು ಕೇಳುವವಳು. ಆಫೀಸಿನವರು ಅವಳಿಗೆ ಅನುಮಾನಕ್ಕ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಮಾತ್ರ ಹಾಗೆ ಕರೆಯುತ್ತಿದ್ದರು, ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದರು. ಅವಳಿಗೆ ಗೊತ್ತಿತ್ತು. ಹೆಸರಿಟ್ಟವರು ಯಾರು ಎಂಬ ಬಗ್ಗೆಯೂ ಒಂದು ಅನುಮಾನವಿತ್ತು.

ಇದು ಹುಟ್ಟಿನಿಂದ ಬಂದದ್ದೋ ಮನೆಯಿಂದ ಬಂದದ್ದೋ ಹೇಳುವುದು ಕಷ್ಟ. ಅಪ್ಪ ಒಂದು ಗೋದಾಮಿನ ಕಾವಲುಗಾರ. ಹಗಲು ಮನೆಗೆ ಬಂದು ಮಲಗಿದರೂ ಅವನ ಒಂದು ಕಿವಿ ಗೋದಾಮಿನ ಬಾಗಿಲಲ್ಲೇ ಇರುತ್ತಿತ್ತು. ‘ಒಳ್ಳೆಯವರ ಥರ ಕಾಣೋರನ್ನ ಇನ್ನೊಂದ್ಸಲ ನೋಡ್ಬೇಕು ಮಗಳೇ’ ಎಂದು ಕಲಿಸಿದವನು ಅವನೇ. ಅಮ್ಮ ಹಾಸಿಗೆ ಹಿಡಿದು ತೀರಿಕೊಂಡ ಮೇಲೆ ತಂಗಿಯ ಜಡೆ, ಊಟ, ಶಾಲೆ, ಜ್ವರ ಎಲ್ಲವೂ ಇವಳ ಪಾಲಿಗೆ ಬಂತು. ಆಗ ಇವಳೇ ಇನ್ನೂ ಲಂಗ ಹಾಕುವ ಹುಡುಗಿ. ತಂಗಿ ನಿದ್ದೆಯಲ್ಲಿ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಲೋಕದಲ್ಲಿ ಅವಳು ಅನುಮಾನಿಸದೆ ಬಿಟ್ಟದ್ದು ಆ ತಂಗಿಯೊಬ್ಬಳನ್ನೇ. ತಂಗಿಯ ಹತ್ತಿರ ಸುಳಿದವರನ್ನೆಲ್ಲ ಮಾತ್ರ ಎರಡರಷ್ಟು ಅನುಮಾನಿಸಿದಳು.

ಮದುವೆಯ ಮಾತು ಇವಳಿಗೂ ಬಂದಿತ್ತು. ಒಬ್ಬ ಮೇಷ್ಟ್ರು ಇವಳನ್ನು ಮೆಚ್ಚಿದ್ದ. ‘ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಡ್ತಾನೆ, ಏನೋ ಇದೆ’ ಎಂದು ಬೇಡವೆಂದಳು. ಆಮೇಲೆ ಬಂದವನು ಉತ್ತರ ಕೊಡುವಾಗ ತಡವರಿಸಿದ. ಅವನೂ ಬೇಡವಾದ. ಮೂರನೆಯವನು ಬರಲೇ ಇಲ್ಲ, ಸುದ್ದಿ ಅಷ್ಟರಲ್ಲಿ ಹಬ್ಬಿತ್ತು.

ಈ ಗುಣವನ್ನು ನೋಡಿ ನಕ್ಕವರು ನಗಲಿ, ಅವಳಿಗೆ ಅನ್ನ ಹಾಕಿದ್ದು ಇದೇ. ಎಣ್ಣೆ ಬಾವಿಗಳ ಕಂಪನಿಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸದಿಂದ ಶುರು ಮಾಡಿದಳು. ಸಂಜೆ ಕಾಲೇಜಿಗೆ ಹೋಗಿ ಓದಿ, ಲ್ಯಾಬಿನ ಪರೀಕ್ಷೆಗಳನ್ನು ಮಾಡುವವಳಾದಳು. ಆಮೇಲೆ ಮೇಲಿನ ಮಹಡಿಗೆ ಹತ್ತಿ, ಕಂಪ್ಯೂಟರಿನ ಮುಂದೆ ಕೂತು, ನೆಲದಡಿಯ ಎಣ್ಣೆ ಮುಂದೆ ಏನು ಮಾಡೀತು ಎಂದು ಲೆಕ್ಕ ಹಾಕುವವಳಾದಳು. ಕಣ್ಣಿಗೆ ಕಾಣದ ಎಣ್ಣೆಯನ್ನು ಕೂಡ ಅನುಮಾನಿಸಿ ಸಂಬಳ ತೆಗೆದುಕೊಳ್ಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಎಣ್ಣೆಯನ್ನು ಅನುಮಾನಿಸಲು ಕಾರಣವೂ ಇದೆ. ನೆಲದಾಳದ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕಚ್ಚಾ ಎಣ್ಣೆ ಭಾರೀ ಒತ್ತಡದಲ್ಲಿ, ಬಿಸಿಯಲ್ಲಿ ಕೂತಿರುತ್ತದೆ. ಅದರೊಳಗೆ ಆಸ್ಫಾಲ್ಟೀನ್ ಎಂಬ ಕರಿಯ ಪದಾರ್ಥ ತನ್ನ ಪಾಡಿಗೆ ತಾನು ಬೆರೆತುಕೊಂಡಿರುತ್ತದೆ. ಒತ್ತಡ ಇರುವಷ್ಟು ಕಾಲ ಎಲ್ಲ ಚೆಂದ. ಎಣ್ಣೆಯನ್ನು ಮೇಲೆತ್ತುತ್ತ ಹೋದ ಹಾಗೆ ಒತ್ತಡ ಇಳಿಯುತ್ತದೆ. ಒಂದು ಹಂತಕ್ಕೆ ಬಂದದ್ದೇ ತಡ, ಹುಳಿ ಬಿದ್ದ ಹಾಲಿನ ಹಾಗೆ ಒಡೆಯುತ್ತದೆ. ಕರಿಯ ಚೂರುಗಳು ಬೇರೆಯಾಗಿ, ಒಂದಕ್ಕೊಂದು ಅಂಟಿಕೊಂಡು, ಕಲ್ಲಿನ ರಂಧ್ರಕ್ಕೆ, ಬಾವಿಯ ಕೊಳವೆಯ ಗೋಡೆಗೆ ಮೆತ್ತುತ್ತವೆ. ಹಾಗೇ ಬಿಟ್ಟರೆ ಬಾವಿಯ ಗಂಟಲು ಕಟ್ಟಿಹೋಗುತ್ತದೆ. ಯಾವ ಒತ್ತಡದಲ್ಲಿ ಒಡೆಯುತ್ತದೆ, ಎಷ್ಟು ಕರಿ ಬೀಳುತ್ತದೆ, ಎಲ್ಲಿ ಮೆತ್ತುತ್ತದೆ ಎಂದು ಮೊದಲೇ ಹೇಳುವುದು ಅವಳ ಕೆಲಸ. ಆ ಲೆಕ್ಕಾಚಾರಕ್ಕೆ ಮಾಡೆಲ್ ಎನ್ನುತ್ತಾರೆ. ಮಾಡೆಲ್ ಎಷ್ಟೇ ದೊಡ್ಡದಿರಲಿ, ಅದನ್ನು ಕಟ್ಟಿಹಾಕುವ ಗೂಟ ಒಂದೇ: ಎಣ್ಣೆ ಒಡೆಯುವ ಒತ್ತಡ ಎಷ್ಟು ಎಂದು ಲ್ಯಾಬಿನಲ್ಲಿ ಅಳೆದು ತಂದ ಸಂಖ್ಯೆ. ಅದು ಸರಿ ಇದ್ದರೆ ಮಿಕ್ಕದ್ದು ಸರಿ.

ಇನ್ನು ತಂಗಿಯ ಗಂಡನ ವಿಷಯ. ಅವನು ಅದೇ ಕಂಪನಿಯ ಬಾವಿಗಳ ಫೋರ್‌ಮನ್. ಬಿಸಿಲಲ್ಲಿ ನಿಂತು ನಿಂತು ಸುಟ್ಟ ಮುಖ, ದೊಡ್ಡ ಕೈ. ಏನು ಕೇಳಿದರೂ ಮೊದಲು ನಗುವವನು, ಆಮೇಲೆ ಉತ್ತರ ಕೊಡುವವನು. ಆ ನಗುವಿಗೂ ಉತ್ತರಕ್ಕೂ ನಡುವಿನ ಹೊತ್ತಿನಲ್ಲಿ ಅವನೇನು ಯೋಚಿಸುತ್ತಾನೆ ಎಂಬುದು ಅನುಮಾನಕ್ಕನ ಬಹಳ ವರ್ಷಗಳ ತಲೆನೋವು. ತಂಗಿ ಅವನನ್ನೇ ಮದುವೆಯಾಗುವೆನೆಂದಾಗ ಇವಳು ಅವನನ್ನು ಕೂರಿಸಿಕೊಂಡು ಪೊಲೀಸರ ಹಾಗೆ ವಿಚಾರಿಸಿದ್ದಳು. ಅವನು ಎಲ್ಲದಕ್ಕೂ ನಕ್ಕಿದ್ದ. ಅಂದಿನಿಂದ ಅವನನ್ನು ಅವಳು ಹೆಸರು ಹಿಡಿದು ಕರೆದದ್ದಿಲ್ಲ. ‘ನಿಮ್ಮ ಫೋರ್‌ಮನ್ ಸಾಹೇಬ್ರು ಬಂದ್ರಾ?’ ಎಂದು ತಂಗಿಯನ್ನು ಕೇಳುವಳು, ಅವನು ಎದುರಿಗೆ ಕೂತಿದ್ದರೂ. ಅವರ ಮನೆಯ ಫ್ರಿಜ್ಜನ್ನು ಅವನೇ ಬಿಚ್ಚಿ ರಿಪೇರಿ ಮಾಡಿದ ಮೇಲೆ ಅದು ಮನಸ್ಸು ಬಂದಾಗ ಓಡುತ್ತಿತ್ತು, ಬೇಡವೆನಿಸಿದಾಗ ನಿಲ್ಲುತ್ತಿತ್ತು. ಅವನ ಬಗ್ಗೆ ತನ್ನ ಅಭಿಪ್ರಾಯಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡವೆಂದು ಅವಳು ತೀರ್ಮಾನಿಸಿದ್ದಳು. ಆ ಮನೆಯಲ್ಲಿ ಅವಳು ಹಾಲನ್ನು ಮೂರು ಸಲ ಮೂಸುತ್ತಿದ್ದಳು.

ಅವನ ಕೈಕೆಳಗಿನ ಬಾವಿಯೊಂದರ ಗಂಟಲು ಕಟ್ಟಿತು.

ಒಳ್ಳೆಯ ಬಾವಿ ಅದು, ಹೊಸದು. ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತಿದ್ದಾಗ ಅವನು ಕಂಪನಿಯ ನಿಯಮದಂತೆ ಕೊಳವೆಗೆ ಕರಿ ಕರಗಿಸುವ ದ್ರಾವಕ ಇಳಿಸಿ ತೊಳೆಸಿದ್ದ. ತೊಳೆದ ಕೆಲವೇ ದಿನಗಳಲ್ಲಿ ಬಾವಿ ಪೂರಾ ನಿಂತಿತು. ಹೀಗಾಗಲು ಕಾರಣ ಎರಡೇ ಇರಬಹುದಿತ್ತು. ಒಂದು, ಎಣ್ಣೆ ತಾನಾಗಿಯೇ ಒಡೆದು ಮೆತ್ತಿಕೊಂಡಿರಬೇಕು. ಇನ್ನೊಂದು, ತೊಳೆದವರು ಸರಿಯಾದ ದ್ರಾವಕದ ಬದಲು ಪೆಟ್ರೋಲಿನಂಥ ಹಗುರ ಎಣ್ಣೆ ಸುರಿದಿರಬೇಕು. ಹಗುರ ಎಣ್ಣೆ ಆಸ್ಫಾಲ್ಟೀನನ್ನು ಕರಗಿಸುವುದಿಲ್ಲ, ಇನ್ನಷ್ಟು ಒಡೆಸುತ್ತದೆ. ಒಳ್ಳೆಯ ದ್ರಾವಕವನ್ನು ಹೊರಗೆ ಮಾರಿ ಹಗುರ ಎಣ್ಣೆ ಸುರಿದ ಫೋರ್‌ಮನ್ನರ ಕಥೆಗಳು ಕಂಪನಿಯಲ್ಲಿ ಹಿಂದೆ ನಡೆದಿದ್ದವು.

ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿದರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮಾತಾಡುವ ಮನುಷ್ಯ.

“ನಿಮ್ಮ ಮಾಡೆಲ್ ಏನು ಹೇಳತ್ತೆ? ಎಣ್ಣೆ ತಾನಾಗೇ ಒಡೆದಿರಬಹುದಾ?”

“ಆ ಬಾವಿಯ ಒತ್ತಡ ಅಷ್ಟು ಕೆಳಗೆ ಇಳಿದೇ ಇಲ್ಲ ಸರ್. ಒಡೆಯೋಕೆ ಇನ್ನೂ ಬಹಳ ದೂರ ಇದೆ.”

“ಅಂದ್ರೆ ಸುರಿದಿದ್ದರಲ್ಲೇ ಏನೋ ಇದೆ.”

“ಅದನ್ನ ಮಾಡೆಲ್ ಹೇಳಲ್ಲ ಸರ್,” ಎಂದಳು ಅನುಮಾನಕ್ಕ. ಮಾಡೆಲ್ ಹೇಳದಿದ್ದರೂ ಅವಳ ಮನಸ್ಸು ಹೇಳುತ್ತಿತ್ತು.

ಅದೇ ವಾರ ತಂಗಿ ಊಟಕ್ಕೆ ಕರೆದಳು. ಯಾವಾಗಲೂ ಕರೆಯುವುದೇ, ಆದರೆ ಈ ಸಲ ಅನುಮಾನಕ್ಕನಿಗೆ ಆ ಕರೆಯಲ್ಲೇ ಏನೋ ವಾಸನೆ ಬಂತು. ಫೋರ್‌ಮನ್ ಊಟದುದ್ದಕ್ಕೂ ಬಾವಿಯ ಸುದ್ದಿ ಎತ್ತಲಿಲ್ಲ. ಎತ್ತದಿರುವುದು ಅವಳಿಗೆ ಎತ್ತಿದ್ದಕ್ಕಿಂತ ಹೆಚ್ಚು ಅನುಮಾನ ತಂದಿತು. ಕೊನೆಗೆ ತಟ್ಟೆ ಎತ್ತುವಾಗ ಅವನು ನಕ್ಕು ಕೇಳಿದ: “ನಿಮ್ಮ ಲೆಕ್ಕ ಎಲ್ಲಿಗೆ ಬಂತು ಅಕ್ಕ?”

“ಬರೋ ಕಡೆಗೇ ಬರ್ತಿದೆ,” ಎಂದು ಅವಳು ಕೈ ತೊಳೆಯಲು ಹಿತ್ತಲಿಗೆ ಹೋದಳು.

ಹಿತ್ತಲಲ್ಲಿ ಗಿಡಗಳ ಪಕ್ಕ ಒಂದು ಕಬ್ಬಿಣದ ಡ್ರಮ್ಮು ನಿಂತಿತ್ತು. ಮೈಮೇಲಿದ್ದ ಅಕ್ಷರಗಳನ್ನು ಯಾರೋ ಕೆರೆದು ತೆಗೆದಿದ್ದರು. ಅವಳು ಹಿಂದೆ ಮುಂದೆ ನೋಡಿ, ಮುಚ್ಚಳ ಎತ್ತಿ, ತಲೆ ಬಗ್ಗಿಸಿ ಮೂಸಿದಳು. ಹಗುರ ಎಣ್ಣೆಯ ವಾಸನೆ, ಮೂಗಿಗೆ ಬಡಿಯುವಷ್ಟು. ತಂಗಿಯನ್ನು ನೆನೆದು ಸಂಕಟವಾಯಿತು, ಜೊತೆಗೆ ಸುಳ್ಳೇಕೆ, ಒಂದು ಸಮಾಧಾನವೂ ಆಯಿತು. ಇಷ್ಟು ವರ್ಷ ತಾನು ಅಂದುಕೊಂಡದ್ದು ಸುಮ್ಮನೆ ಅಲ್ಲ ಎಂಬ ಸಮಾಧಾನ.

ಎರಡು ದಿನ ಒದ್ದಾಡಿದಳು. ತಂಗಿಯ ಮುಖ ಕಣ್ಣ ಮುಂದೆ ಬರುತ್ತಿತ್ತು. ಹೇಳದೆ ಬಿಟ್ಟರೆ ತಾನೂ ಕಳ್ಳತನಕ್ಕೆ ಕೈ ಜೋಡಿಸಿದ ಹಾಗೆ ಎಂದೂ ಅನಿಸುತ್ತಿತ್ತು. ಕೊನೆಗೆ ಮುಖ್ಯಸ್ಥರ ಕೋಣೆಗೆ ಹೋಗಿ ಡ್ರಮ್ಮಿನ ಸಂಗತಿ ಹೇಳಿದಳು. ಅವರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಅವಳನ್ನು ಒಂದು ಸಲ ನೋಡಿದರು. ಮರುದಿನ ಫೋರ್‌ಮನ್ನನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಶುರು ಮಾಡಿದರು. ತಪ್ಪು ಸಾಬೀತಾದರೆ ಕೆಲಸ ಹೋಗುವುದಷ್ಟೇ ಅಲ್ಲ, ಇನ್ನು ಯಾವ ಬಾವಿಯ ಹತ್ತಿರವೂ ಅವನನ್ನು ಯಾರೂ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಮನುಷ್ಯನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಫ್ರಿಜ್ ರಿಪೇರಿಯಂತೂ ಖಂಡಿತ ಬರುತ್ತಿರಲಿಲ್ಲ.

ತಂಗಿ ಫೋನ್ ಮಾಡಿದಳು. ಅತ್ತಿರಲಿಲ್ಲ, ಅದೇ ಕೆಟ್ಟದಾಗಿತ್ತು.

“ಆ ಡ್ರಮ್ಮು ಗುಜರಿ ಅಂಗಡಿಯಿಂದ ನಾನು ತಂದಿದ್ದು ಅಕ್ಕ. ಗಿಡಕ್ಕೆ ನೀರು ತುಂಬೋಕೆ. ವಾಸನೆ ಹೋಗ್ಲಿ ಅಂತ ಬಿಸಿಲಿಗೆ ಇಟ್ಟಿದ್ದೆ. ನನ್ನನ್ನ ಒಂದು ಮಾತು ಕೇಳೋಕಾಗ್ಲಿಲ್ವಾ ನಿನಗೆ?”

“ಅವನು ನಿನ್ ಕೈಲಿ ಹಾಗೆ ಹೇಳಿಸ್ತಿದಾನೆ,” ಎಂದುಬಿಟ್ಟಳು ಅನುಮಾನಕ್ಕ.

“ಇಷ್ಟು ದಿನ ನನ್ನೊಬ್ಬಳನ್ನ ಬಿಟ್ಟಿದ್ದೆ,” ಎಂದಳು ತಂಗಿ. “ಈಗ ನಾನೂ ಸೇರಿದೆ.” ಫೋನ್ ಇಟ್ಟಳು. ಆಮೇಲೆ ಇವಳು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಅನುಮಾನಕ್ಕ ಊಟ ಬಿಟ್ಟಳು, ಕೆಲಸ ಬಿಡಲಿಲ್ಲ. ವಿಚಾರಣೆಗೆಂದು ನಿಂತುಹೋದ ಬಾವಿಯ ಕೊಳವೆಯನ್ನು ಎಳೆಸಿ, ಕರಿ ಕಟ್ಟಿದ್ದ ಭಾಗದ ಒಂದು ತುಂಡನ್ನು ಕತ್ತರಿಸಿ ಲ್ಯಾಬಿಗೆ ತಂದಿದ್ದರು. ಯಾರು ಏನೇ ಅನ್ನಲಿ, ಇದನ್ನು ತಾನೇ ನೋಡಬೇಕೆಂದು ಅವಳು ಕೆಳಗಿಳಿದು ಹೋದಳು. ಆ ಕರಿಯ ರಾಶಿಯಲ್ಲಿ ಫೋರ್‌ಮನ್ನನ ತಪ್ಪು ಕಣ್ಣಿಗೆ ಕಾಣುತ್ತದೆ ಎಂದೇ ಅವಳ ನಂಬಿಕೆ.

ತುಂಡನ್ನು ಮೇಜಿನ ಮೇಲೆ ನಿಲ್ಲಿಸಿ, ದೀಪ ಹತ್ತಿರ ಎಳೆದು ನೋಡಿದಳು. ಕೊಳವೆಯ ಒಳಗೋಡೆಗೆ ಕರಿ ಸುತ್ತಲೂ ಸಮನಾಗಿ ಕಟ್ಟಿತ್ತು. ಬಣ್ಣದ ಮೇಲೆ ಬಣ್ಣ ಬಳಿದ ಹಳೆಯ ಕಿಟಕಿಯ ಹಾಗೆ ಪದರದ ಮೇಲೆ ಪದರ, ಒಳಗಿನವು ಗಟ್ಟಿ, ಹೊಳಪು. ತೀರಾ ಮೇಲಿನದೊಂದು ಮಾತ್ರ ತೊಳೆದಾಗ ಸಡಿಲಾಗಿ ಜಾರಿ ಬಂದು ಸಿಕ್ಕಿಕೊಂಡು ದಾರಿ ಮುಚ್ಚಿತ್ತು. ಒಂದೇ ಸಲ ಹಗುರ ಎಣ್ಣೆ ಸುರಿದು ಒಡೆಸಿದ್ದರೆ ಹೀಗಾಗದು. ಆಗ ಎಲ್ಲ ಒಟ್ಟಿಗೆ ಕೆಸರಿನ ಮುದ್ದೆಯಾಗಿ ಬೀಳುತ್ತದೆ. ಇದು ತಿಂಗಳುಗಟ್ಟಲೆ, ಯಾರೂ ಏನೂ ಸುರಿಯುವ ಮೊದಲೇ, ಸದ್ದಿಲ್ಲದೆ ಕಟ್ಟಿದ ಕರಿ.

ಅವಳಿಗೆ ತನ್ನ ಕಣ್ಣಿನ ಮೇಲೇ ಅನುಮಾನ ಬಂತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಪದರಗಳು ಎಲ್ಲಿಗೂ ಹೋಗಿರಲಿಲ್ಲ.

ಮೇಲಿನ ಮಹಡಿಗೆ ಬಂದು ಮಾಡೆಲ್ಲನ್ನು ತಿರುಗುಮುರುಗು ಮಾಡಿದಳು. ಎಣ್ಣೆ ಯಾವ ಒತ್ತಡದಲ್ಲಿ ಒಡೆದರೆ ಕರಿ ಇಷ್ಟು ಆಳದಲ್ಲಿ, ಇಷ್ಟು ದಪ್ಪಕ್ಕೆ ಕಟ್ಟೀತು? ಉತ್ತರ ಬಂತು. ಲ್ಯಾಬಿನ ಸಂಖ್ಯೆಗಿಂತ ಅದು ಎಷ್ಟೋ ಮೇಲಿತ್ತು. ಇದು ನಿಜವಾದರೆ ಬಾವಿ ಎಣ್ಣೆ ಕೊಡತೊಡಗಿದ ಸ್ವಲ್ಪ ಕಾಲಕ್ಕೇ ಒಳಗೆ ಒಡೆಯಲು ಶುರುವಾಗಿತ್ತು. ಫೋರ್‌ಮನ್ ತೊಳೆಸಿದ್ದು ರೋಗ ಬಂದ ಮೇಲೆ ಮದ್ದು, ಅಷ್ಟೇ. ಮಾಡೆಲ್ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಉಣಿಸಿದ ಸಂಖ್ಯೆಯೇ ಸುಳ್ಳು.

ಆ ಸಂಖ್ಯೆಯನ್ನು ಕೊಟ್ಟವರು ಯಾರು? ಅವಳ ಅನುಮಾನ ಕೂಡಲೇ ಎದ್ದು ಚಪ್ಪಲಿ ಮೆಟ್ಟಿಕೊಂಡಿತು. ಲ್ಯಾಬಿನ ಹಿರಿಯ ತಂತ್ರಜ್ಞ, ಎಲ್ಲರ ಬಾಯಲ್ಲಿ ನಿಧಾನಿ. ಒಂದು ಗಾಜಿನ ಕೊಳವೆ ತೊಳೆಯಲು ಅರ್ಧ ಹಗಲು ತೆಗೆದುಕೊಳ್ಳುವ ಆಸಾಮಿ. ಇಷ್ಟು ನಿಧಾನ ಮಾಡುವವನು ಏನನ್ನೋ ಮುಚ್ಚಿಡುತ್ತಿರಲೇಬೇಕು ಎಂಬ ಅನುಮಾನ ಅವಳಿಗೆ ಮೊದಲಿನಿಂದಲೂ ಇತ್ತು.

ನಿಧಾನಿ ಕೈಗವಸು ಕಳಚುತ್ತ ಅವಳ ಮಾತನ್ನು ಪೂರಾ ಕೇಳಿದ. ಅವನಿಗೆ ಕೋಪ ಬರಲಿಲ್ಲ. ಅವನಿಗೆ ಕೋಪ ಬರುವುದಕ್ಕೂ ಹೊತ್ತು ಹಿಡಿಯುತ್ತಿತ್ತೋ ಏನೋ.

“ಪರೀಕ್ಷೆ ಮಾಡಿದ್ದು ನಾನೇ,” ಎಂದ. “ಬೆಳಕು ಬಿಟ್ಟು, ಒತ್ತಡ ಇಳಿಸ್ತಾ, ಎಲ್ಲಿ ಎಣ್ಣೆ ಮಬ್ಬಾಗತ್ತೆ ಅಂತ ಎರಡು ಸಲ ನೋಡಿದೀನಿ. ನನ್ನ ಕೈಗೆ ಬಂದ ಎಣ್ಣೆ ಹೇಳಿದ್ದು ಅಷ್ಟೇ.”

“ಕೈಗೆ ಬಂದ ಎಣ್ಣೆ ಅಂದ್ರೆ? ಬಾಟಲಿಂದ ತೆಗೆದಿದ್ದು ಯಾರು?”

ನಿಧಾನಿ ಅವಳ ಮುಖವನ್ನೇ ನೋಡಿದ. “ಆ ವಾರ ನಾನು ರಜೆಯಲ್ಲಿದ್ದೆ ಅಲ್ವಾ? ನಾನು ಬರೋಷ್ಟರಲ್ಲಿ ಎಣ್ಣೆ ಬೇರೆ ಪಾತ್ರೆಗೆ ಹೋಗಿತ್ತು. ನೀವೇ ತೆಗೆದಿಟ್ಟಿದ್ರಿ ಮೇಡಂ.”

ಅವಳಿಗೆ ಎಲ್ಲವೂ ನೆನಪಾಯಿತು. ಮರೆತಿದ್ದಳೆಂದಲ್ಲ, ಆ ನೆನಪಿನ ಮೇಲೆ ಅನುಮಾನದ ಕಣ್ಣು ಹಾಯಿಸಿರಲಿಲ್ಲ, ಅಷ್ಟೇ.

ಬಾವಿಯ ತಳದಲ್ಲಿ ಎಣ್ಣೆಯನ್ನು ಹಿಡಿದು ಮೇಲೆ ತರುವುದು ಉಕ್ಕಿನ ಬಾಟಲಿನಲ್ಲಿ. ಕೆಳಗೆ ಬಿಸಿ, ಮೇಲೆ ತಂಪು. ಬರುವ ದಾರಿಯಲ್ಲಿ ಬಾಟಲು ತಣ್ಣಗಾಗುತ್ತದೆ, ಒಳಗಿನ ಎಣ್ಣೆ ಕುಗ್ಗುತ್ತದೆ, ಒತ್ತಡ ಇಳಿಯುತ್ತದೆ. ಅಲ್ಲೇ ಸ್ವಲ್ಪ ಒಡೆದು ಕರಿ ಬಾಟಲಿನ ಗೋಡೆಗೆ ಮೆತ್ತಿಕೊಳ್ಳುವುದೂ ಉಂಟು. ಅದಕ್ಕೇ ಲ್ಯಾಬಿಗೆ ಬಂದ ಬಾಟಲನ್ನು ಯಾರೂ ಹಾಗೇ ಬಿಚ್ಚುವುದಿಲ್ಲ. ಬಾವಿಯ ತಳದಷ್ಟೇ ಬಿಸಿ, ಅಷ್ಟೇ ಒತ್ತಡ ಕೊಟ್ಟು, ತೊಟ್ಟಿಲಿನ ಹಾಗೆ ದಿನಗಟ್ಟಲೆ ತೂಗುತ್ತಾರೆ. ಮೆತ್ತಿದ್ದು ಮತ್ತೆ ಎಣ್ಣೆಯಲ್ಲಿ ಬೆರೆತ ಮೇಲೆ ಹೊರತೆಗೆಯುತ್ತಾರೆ. ಇದು ಅವಳಿಗೆ ಗೊತ್ತಿರಲಿಲ್ಲವೇ? ಗಾಜು ತೊಳೆಯುತ್ತಿದ್ದ ಕಾಲದಿಂದಲೂ ಗೊತ್ತಿತ್ತು.

ಆದರೆ ಆ ದಿನ ಬಾಟಲಿನ ಒತ್ತಡ ತೋರಿಸುವ ಮುಳ್ಳು ಅವಳು ಎಣಿಸಿದ್ದಕ್ಕಿಂತ ಕೆಳಗಿತ್ತು. ತಣ್ಣಗಾಗಿ ಇಳಿದಿರಬಹುದು ಎಂದು ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ಅವಳಿಗೆ ಬಾಟಲಿನ ಮೇಲೆ ಅನುಮಾನ ಬಂತು. ವಾಲ್ವು ಸೋರುತ್ತಿದೆ, ಬಾಟಲು ಒದಗಿಸುವವರು ಹಳೆಯದಕ್ಕೆ ಬಣ್ಣ ಬಳಿದು ಕೊಟ್ಟಿದ್ದಾರೆ, ದಿನಗಟ್ಟಲೆ ತೂಗುತ್ತ ಕೂತರೆ ಇರುವುದೂ ಸೋರಿಹೋಗುತ್ತದೆ ಎಂದು ಅವಸರ ಬಿದ್ದಳು. ನಿಧಾನಿ ಇರಲಿಲ್ಲ. ಕೈ ಪಳಗಿದ ಕೆಲಸ. ಬಿಸಿ ಮಾಡದೆ, ತೂಗದೆ, ಎಣ್ಣೆಯನ್ನು ತಾನೇ ಬೇರೆ ಪಾತ್ರೆಗೆ ದಾಟಿಸಿದಳು. ಕರಿ ಹಿಂದೆಯೇ ಉಳಿಯಿತು. ಲ್ಯಾಬಿಗೆ ಸಿಕ್ಕಿದ್ದು ಸೋಸಿದ ಹಾಲಿನಂಥ ಸಾಧು ಎಣ್ಣೆ.

ಆ ಬಾಟಲು ಎಲ್ಲಿತ್ತು? ಅವಳದೇ ಬೀರುವಿನಲ್ಲಿ. ತೊಳೆದು ವಾಪಸು ಕೊಟ್ಟರೆ ಒದಗಿಸಿದವರು ವಾಲ್ವನ್ನು ಸದ್ದಿಲ್ಲದೆ ಬದಲಿಸಿಬಿಡುತ್ತಾರೆ, ಒಂದು ದಿನ ಅವರನ್ನು ಹಿಡಿದು ನಿಲ್ಲಿಸಬೇಕು ಎಂದು ಅವಳು ಅದನ್ನು ಹಾಗೇ ಬೀಗ ಹಾಕಿ ಇಟ್ಟಿದ್ದಳು. ಬೀಗವನ್ನು ದಿನಾ ಜಗ್ಗಿ ನೋಡುತ್ತಿದ್ದಳು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹೋದ ಮೇಲೆ ಬಾಟಲನ್ನು ಲ್ಯಾಬಿಗೆ ತಂದಳು. ಮೊದಲು ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ವಾಲ್ವು ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ವಾಲ್ವು ಸೋರುತ್ತಿರಲಿಲ್ಲ, ಯಾವತ್ತೂ ಸೋರಿರಲಿಲ್ಲ. ಆಮೇಲೆ ಆಸ್ಫಾಲ್ಟೀನ್ ಕರಗಿಸುವ ಟೊಲುವೀನ್ ಸುರಿದು, ಮುಚ್ಚಿ, ಬಹಳ ಹೊತ್ತು ತೂಗಿ, ಬಿಳಿಯ ಬೋಗುಣಿಗೆ ಬಗ್ಗಿಸಿದಳು. ನೀರಿನಂತೆ ಒಳಗೆ ಹೋದದ್ದು ಕಡುಗಪ್ಪಾಗಿ ಹೊರಗೆ ಬಂತು.

ಅವಳು ಸ್ಟೂಲಿನ ಮೇಲೆ ಕೂತಳು. ನಾಚಿಕೆ ಎಂದರೆ ಏನೆಂದು ಅವಳಿಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಜಗತ್ತಿನಲ್ಲಿ ಎಲ್ಲರನ್ನೂ ಎರಡು ಸಲ ನೋಡಿದವಳು ತನ್ನ ಕೈಯನ್ನು ಒಂದು ಸಲವೂ ನೋಡಿರಲಿಲ್ಲ. ಆ ಬೋಗುಣಿಯನ್ನು ತೊಟ್ಟಿಗೆ ಚೆಲ್ಲಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಪದರಗಳನ್ನು ಅವಳಷ್ಟು ಹತ್ತಿರದಿಂದ ನೋಡುವವರು ಇರಲಿಲ್ಲ, ನಿಧಾನಿ ಜಗಳಗಂಟನಲ್ಲ. ಆ ಯೋಚನೆ ಬಂದದ್ದು ನಿಜ. ಅವಳು ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಊಟಕ್ಕೆ ಹೋದವರು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸಿತು. ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚೆಲ್ಲದ ಹಾಗೆ, ಮುಖ್ಯಸ್ಥರ ಕೋಣೆಯವರೆಗೂ ನಡೆದಳು.

ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಫೋರ್‌ಮನ್ ನಿಮ್ಮ ತಂಗಿ ಗಂಡ ಅಲ್ವಾ?”

“ಹೌದು ಸರ್.”

“ಬಾಟಲು ಇಷ್ಟು ದಿನ ಇದ್ದಿದ್ದು ನಿಮ್ಮ ಬೀರುವಲ್ಲಿ. ಬೀಗದ ಕೈ ನಿಮ್ಮ ಹತ್ರ. ಎಣ್ಣೆ ದಾಟಿಸಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಈಗ ತೊಳೆದಾಗಲೂ ಯಾರೂ ಇರಲಿಲ್ಲ.”

ಅವರ ಜಾಗದಲ್ಲಿ ಅನುಮಾನಕ್ಕ ತಾನಿದ್ದರೆ ಇದನ್ನೇ, ಇದೇ ಕ್ರಮದಲ್ಲಿ ಕೇಳುತ್ತಿದ್ದಳು. ಇನ್ನೂ ಒಂದೆರಡು ಹೆಚ್ಚಿಗೆ ಕೇಳುತ್ತಿದ್ದಳು.

“ಪದರ ಇದೆ ಸರ್, ಕೊಳವೆಯಲ್ಲಿ. ಬೇರೆಯವರಿಗೆ ತೋರಿಸಿ.”

“ತೋರಿಸ್ತೀನಿ. ಅದೇ ಎಣ್ಣೆ ಬರೋ ಪಕ್ಕದ ಬಾವಿಯಿಂದ ಹೊಸ ಸ್ಯಾಂಪಲ್ಲೂ ತರಿಸ್ತೀನಿ. ಅಲ್ಲೀವರೆಗೂ ನೀವು ಲ್ಯಾಬಿಗೆ ಇಳಿಯೋ ಹಾಗಿಲ್ಲ, ಈ ಮಾಡೆಲ್ ಮುಟ್ಟೋ ಹಾಗಿಲ್ಲ. ಬೀರು ಬೀಗದ ಕೈ ಇಲ್ಲಿಡಿ.”

ಮುಂದೆ ಹೊಸ ಸ್ಯಾಂಪಲ್ ಬಂತು. ನಿಧಾನಿ ಅದನ್ನು ಮನಸಾರೆ ತೂಗಿದ, ಸಂಖ್ಯೆ ಅನುಮಾನಕ್ಕ ಹೇಳಿದಲ್ಲಿಗೇ ಬಂತು, ಫೋರ್‌ಮನ್ ಮತ್ತೆ ಬಾವಿಗೆ ಹೋದ. ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಬೀಗದ ಕೈ ಇಟ್ಟು ಹೊರಗೆ ಬಂದಾಗ ಅವಳ ಕೈಯಲ್ಲಿ ಯಾವ ಪುರಾವೆಯೂ ಇರಲಿಲ್ಲ. ಸುದ್ದಿ ಮಾತ್ರ ಅವಳಿಗಿಂತ ಮೊದಲೇ ಮಹಡಿ ಇಳಿದಿತ್ತು. ‘ಕೊನೆಗೂ ರಕ್ತಸಂಬಂಧ ನೋಡಿ’ ಎಂದು ಯಾರೋ ಮೆಲ್ಲಗೆ ಹೇಳಿದ್ದು ಅವಳ ಕಿವಿಗೂ ಬಿತ್ತು.

ಸಂಜೆ ತಂಗಿಯ ಮನೆಯ ಬಾಗಿಲು ತಟ್ಟಿದಳು. ತಂಗಿ ಅರ್ಧ ಬಾಗಿಲು ತೆರೆದು ನಿಂತಳು, ಒಳಗೆ ಬಾ ಎನ್ನಲಿಲ್ಲ. ಹೊಸ್ತಿಲಾಚೆ ನಿಂತೇ ಅನುಮಾನಕ್ಕ ಎಲ್ಲವನ್ನೂ ಹೇಳಿದಳು. ಬಾಟಲು, ಮುಳ್ಳು, ತನ್ನ ಅವಸರ, ಬೋಗುಣಿ. ಕೊನೆಗೆ, “ತಪ್ಪು ನಂದು ಕಣೆ. ಅವರದ್ದೇನೂ ಇಲ್ಲ,” ಎಂದಳು.

ತಂಗಿ ಬಾಗಿಲಿನಿಂದ ಕೈ ತೆಗೆಯಲಿಲ್ಲ.

“ನಿಜ ಹೇಳು ಅಕ್ಕ. ಇದು ನಡೆದಿದ್ದಾ, ಅಥವಾ ನಾನು ಫೋನ್ ಎತ್ತಲಿಲ್ಲ ಅಂತ ಕಟ್ಟಿದ್ದಾ? ಹಾಗೇನಾದ್ರೂ ಇದ್ರೆ ನಾಳೆ ಅವರ ತಲೆ ಮೇಲೇ ಬರತ್ತೆ.”

ಚಿಕ್ಕಂದಿನಲ್ಲಿ ಉಸಿರಿದೆಯೋ ಎಂದು ಬೆರಳಿಟ್ಟು ನೋಡಿದ ತಂಗಿ. ಅವಳ ಕಣ್ಣಿನಲ್ಲಿದ್ದ ಅನುಮಾನದ ಗುರುತು ಅನುಮಾನಕ್ಕನಿಗೆ ಕೂಡಲೇ ಸಿಕ್ಕಿತು, ಅದು ತನ್ನದೇ. ಏನು ಹೇಳಿದರೂ ಅದು ಹೋಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳ ಕಣ್ಣು ತುಂಬಿ ಬಂತು. ತಿರುಗಿ ಹೋಗಲು ಸೆರಗನ್ನು ಎಳೆದುಕೊಂಡಳು.

ಒಳಗಿನಿಂದ ನಗು ಕೇಳಿಸಿತು. ಫೋರ್‌ಮನ್ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೆಲಸವಿಲ್ಲದೆ ಮನೆಯಲ್ಲಿ ಕೂತು ಅವನ ಮುಖ ಇಳಿದುಹೋಗಿತ್ತು, ನಗು ಮಾತ್ರ ಹಾಗೇ ಇತ್ತು.

“ಒಳಗೆ ಕರಿಯೇ ಅವರನ್ನ,” ಎಂದ ಹೆಂಡತಿಗೆ. “ನಿಜಾನೇ ಹೇಳ್ತಿದಾರೆ.”

“ನಿಮಗೆ ಹೇಗೆ ಗೊತ್ತು?”

ಅವನು ಮತ್ತೆ ನಕ್ಕ. “ನಿಮ್ಮಕ್ಕ ನನ್ನ ಸಲುವಾಗಿ ಸುಳ್ಳು ಹೇಳ್ತಾರಾ? ಬೇರೆ ಯಾರಿಗೋಸ್ಕರ ಹೇಳಿದ್ರೂ ಹೇಳಬಹುದು. ನನಗೋಸ್ಕರ? ಜನ್ಮದಲ್ಲಿ ಇಲ್ಲ.”

ತಂಗಿ ಗಂಡನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು, ಬಾಗಿಲನ್ನು ಪೂರ್ತಿ ತೆರೆದಳು.

ಅನುಮಾನಕ್ಕ ಕುರ್ಚಿಯ ತುದಿಯಲ್ಲಿ ಕೂತಳು. ಇಷ್ಟು ವರ್ಷ ಆ ನಗುವಿಗೂ ಉತ್ತರಕ್ಕೂ ನಡುವೆ ಅವನು ಏನು ಮುಚ್ಚಿಡುತ್ತಾನೆ ಎಂದು ತಲೆ ಕೆಡಿಸಿಕೊಂಡಿದ್ದಳು. ಇವಳ ಬಾಯಿಂದ ಬರುವುದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳದಿರಲು ಅವನಿಗೆ ಅಷ್ಟು ಹೊತ್ತು ಬೇಕಾಗುತ್ತಿತ್ತು, ಬೇರೇನಿಲ್ಲ.

ಅವನು ಮೂರು ಲೋಟ ಕಾಫಿ ತಂದ. ತಾನೇ ಮಾಡಿದ್ದು. ಅವಳ ಲೋಟವನ್ನು ಕೊಟ್ಟು ಎದುರಿಗೆ ಕೂತ. ಮೂಲೆಯಲ್ಲಿ ಫ್ರಿಜ್ಜು ಸದ್ದಿಲ್ಲದೆ ನಿಂತಿತ್ತು. ಓಡುತ್ತಿರಲಿಲ್ಲ.

ಅಭ್ಯಾಸದಂತೆ ಅವಳ ಕೈ ಲೋಟವನ್ನು ಮೂಗಿನ ಕಡೆಗೆ ಎತ್ತಿತು. ಇಬ್ಬರೂ ನೋಡುತ್ತಿದ್ದರು. ಅವಳು ಮೂಸದೆ ಲೋಟವನ್ನು ನೇರವಾಗಿ ತುಟಿಗೆ ಹಚ್ಚಿದಳು, ದೊಡ್ಡದೊಂದು ಗುಟುಕು ಕುಡಿದಳು.

ಹಾಲು ಹುಳಿಯಾಗಿತ್ತು. ಅನುಮಾನವೇ ಬೇಡ, ಬೆಳಗಿನಿಂದಲೇ ಕೆಟ್ಟಿದ್ದ ಹಾಲು.

“ಹೇಗಿದೆ ಅಕ್ಕ?” ಎಂದ ಅವನು.

“ಚೆನ್ನಾಗಿದೆ,” ಎಂದಳು ಅನುಮಾನಕ್ಕ. ಲೋಟ ಖಾಲಿಯಾಗುವವರೆಗೂ ಕುಡಿದಳು.